ಲಿನಕ್ಸ್ ನಿಜಕ್ಕೂ ಹುಟ್ಟಿದ್ದು ಯಾವಾಗ? ಮತ್ತು ಅದರ 0.11 ಆವೃತ್ತಿಯನ್ನು ಈಗಿನ ಜಿಸಿಸಿ ಕಂಪೈಲರಿನಲ್ಲಿ ಕಟ್ಟಿದರೆ ಯಾಕೆ ನಿಂತುಬಿಡುತ್ತದೆ?

#1 ಹೊಸಬ_386

ಆಗಸ್ಟ್ 25 ಬಂದರೆ ಒಂದು ಗುಂಪು "ಲಿನಕ್ಸ್ ಹುಟ್ಟುಹಬ್ಬ" ಎಂದು ಶುಭಾಶಯ ಹಂಚುತ್ತದೆ. ಸೆಪ್ಟೆಂಬರ್ 17ಕ್ಕೆ ಇನ್ನೊಂದು ಗುಂಪು ಅದನ್ನೇ ಮತ್ತೆ ಹಂಚುತ್ತದೆ. ಸೆಪ್ಟೆಂಬರ್ 27ಕ್ಕೆ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಕಡೆಯವರು ಬಂದು ನೀವಿಬ್ಬರೂ ಎಂಟು ವರ್ಷ ತಡ ಅನ್ನುತ್ತಾರೆ. ಬಲ್ಲವರು ಮೂರು ವಿಷಯ ಬಿಡಿಸಿ ಹೇಳಿ:

ಒಂದು, ಯಾವ ದಿನ ಹಿಡಿಯಬೇಕು, ಯಾಕೆ? ಎರಡು, 1991ರಲ್ಲಿ ಮೊದಲ ಆವೃತ್ತಿ 0.01 ಇಳಿಸಿಕೊಂಡವರ ಕೈಗೆ ನಿಜಕ್ಕೂ ಏನು ಬರುತ್ತಿತ್ತು, ಅದನ್ನು ಓಡಿಸಲು ಇನ್ನೇನೇನು ಬೇಕಿತ್ತು? ಮೂರು, 0.11ರ ಸೋರ್ಸನ್ನು ಈಗಿನ ಜಿಸಿಸಿಯಲ್ಲಿ ಕಟ್ಟಿ ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ ಬೂಟ್ ಮಾಡಿದರೆ "ಲೋಡಿಂಗ್ ಸಿಸ್ಟಮ್" ಎಂದು ಬಂದು ಅಲ್ಲಿಗೇ ನಿಲ್ಲುತ್ತದೆ. ಬಫರ್ ಎಷ್ಟು, ಖಾಲಿ ಮೆಮೊರಿ ಎಷ್ಟು ಎಂದು ಹೇಳುವ ಸಾಲುಗಳು ಬರುವುದೇ ಇಲ್ಲ. ಎಲ್ಲಿ ಹುಡುಕಬೇಕು?

#2 ಬೂಟ್‌ಸೆಕ್ಟರ್

ಮೂರನೆಯದಕ್ಕೆ ಆಮೇಲೆ ಬರುತ್ತೇನೆ, ಅದಕ್ಕೆ ಜಾಗ ಬೇಕು. ಮೊದಲು ದಿನಾಂಕ.

1991ರ ಆಗಸ್ಟ್ 25ರದ್ದು ಬರೀ ಒಂದು ಪತ್ರ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನುಸ್ ಟೊರ್ವಾಲ್ಡ್ಸ್ ಮಿನಿಕ್ಸ್ ಎಂಬ, ಪಾಠಕ್ಕೆಂದು ಬರೆದ ಯುನಿಕ್ಸ್ ಥರದ ಓಎಸ್ ಬಳಸುವವರ ಸುದ್ದಿಗುಂಪಿಗೆ ಬರೆದದ್ದು. ಇಂಟೆಲ್ 386 ಚಿಪ್ಪಿನ ಯಂತ್ರಗಳಿಗೆ ಒಂದು ಓಎಸ್ ಮಾಡುತ್ತಿದ್ದೇನೆ, ಬರೀ ಹವ್ಯಾಸಕ್ಕೆ, ಗ್ನೂ ಥರ ದೊಡ್ಡದೇನೂ ಆಗುವುದಿಲ್ಲ, ಮಿನಿಕ್ಸ್‌ನಲ್ಲಿ ನಿಮಗೆ ಏನು ಇಷ್ಟ, ಏನು ಕಷ್ಟ ಹೇಳಿ, ಇಷ್ಟೇ ಅದರ ಸಾರ. ಬ್ಯಾಶ್ ಶೆಲ್ 1.08, ಜಿಸಿಸಿ 1.40 ತನ್ನ ಕರ್ನಲ್ (ಓಎಸ್ ತಿರುಳು) ಮೇಲೆ ಏರಿಸಿದ್ದೇನೆ ಎಂದೂ ಬರೆದಿದ್ದರು. ಡೌನ್‌ಲೋಡ್ ಮಾಡಲು ಆ ದಿನ ಏನೂ ಇರಲಿಲ್ಲ.

0.01ರ ಕೋಡ್ ಹೊರಬಂದದ್ದು ಸೆಪ್ಟೆಂಬರ್ 17ಕ್ಕೆ, ಫಿನ್ಲೆಂಡಿನ ಫ್ಯುನೆಟ್ ಎಫ್‌ಟಿಪಿ ಸರ್ವರಿನಲ್ಲಿ. ಟೊರ್ವಾಲ್ಡ್ಸ್ ಇಡಬೇಕೆಂದಿದ್ದ ಹೆಸರು ಫ್ರೀಯಾಕ್ಸ್. ಸರ್ವರ್ ನೋಡಿಕೊಳ್ಳುತ್ತಿದ್ದ ಆರಿ ಲೆಮ್ಕೆಗೆ ಅದು ಹಿಡಿಸದೆ ಫೋಲ್ಡರಿಗೆ "ಲಿನಕ್ಸ್" ಎಂದು ಹೆಸರಿಟ್ಟರು. ಅದೇ ಉಳಿಯಿತು. ನಾಮಕರಣದ ದಿನ ಬೇಕೆಂದರೆ ಅದೇ.

ಆದರೆ ಇಳಿಸಿಕೊಂಡವರಿಗೆ ಸಿಕ್ಕಿದ್ದು ಸುಮಾರು 10 ಸಾವಿರ ಸಾಲಿನ ಸೋರ್ಸ್ ಮಾತ್ರ. ಕಟ್ಟಿದ ಬೈನರಿ ಕರ್ನಲ್ ಕೊಟ್ಟಿರಲಿಲ್ಲ, ಕೊಡಲು ಆಗುತ್ತಲೂ ಇರಲಿಲ್ಲ. ಹಾರ್ಡ್ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕ, ಮೆಮೊರಿ ಎಷ್ಟು, ರೂಟ್ ಇರುವ ಪಾರ್ಟಿಷನ್ ಯಾವುದು, ಎಲ್ಲವೂ ಒಂದು ಹೆಡರ್ ಕಡತದಲ್ಲಿ ಕೈಯಾರೆ ಬರೆದು ಕಂಪೈಲ್ ಮಾಡಬೇಕಿತ್ತು. ಆ ಕಡತದಲ್ಲಿ ಇದ್ದದ್ದು ಎರಡೇ ಯಂತ್ರಗಳ ವಿವರ. ಒಂದು ಟೊರ್ವಾಲ್ಡ್ಸ್ ಅವರದ್ದು, 8 ಎಂಬಿ. ಇನ್ನೊಂದು ಅವರ ಸಹಪಾಠಿ ಲಾರ್ಸ್ ವಿರ್ಜೆನಿಯಸ್ ಅವರದ್ದು, 4 ಎಂಬಿ. ಮೂರನೆಯವರು ತಮ್ಮದನ್ನು ತಾವೇ ತುಂಬಿಕೊಳ್ಳಬೇಕು.

#3 ಕಡಲತಡಿ ಡೀಮನ್

ಕೀಬೋರ್ಡ್ ಮರೆತಿರಲ್ಲ ಮಾರಾಯ್ರೆ. 0.01ರಲ್ಲಿ ಕೀಲಿಗಳ ನಕ್ಷೆ ಫಿನ್ನಿಶ್ ಒಂದೇ. ಅಮೆರಿಕನ್ ಕೀಬೋರ್ಡಿನವರು ಓರೆಗೆರೆ ಒತ್ತಿದರೆ ಬೇರೆಯದೇ ಚಿಹ್ನೆ ಬರುವುದು. ಓರೆಗೆರೆ ಇಲ್ಲದೆ ಯುನಿಕ್ಸಿನಲ್ಲಿ ಒಂದು ಪಾತ್ ಬರೆಯುವುದು ಹೇಗೆ? 0.11ಕ್ಕೆ ಬರುವಾಗ ಅಮೆರಿಕನ್, ಜರ್ಮನ್, ಫ್ರೆಂಚ್ ನಕ್ಷೆಗಳು ಸೇರಿದ್ದವು. ಆಗಲೂ ಸುಮ್ಮನೆ ಬಿಟ್ಟರೆ ಫಿನ್ನಿಶ್ಶೇ.

#4 ಹಳೇಫ್ಲಾಪಿ

ಎರಡನೇ ಪ್ರಶ್ನೆಗೆ ಸೇರಿಸುತ್ತೇನೆ. 0.01 ಕಟ್ಟಲು ಮಿನಿಕ್ಸ್ ಓಡುತ್ತಿರುವ 386 ಬೇಕಿತ್ತು, ಅದೂ ಬ್ರೂಸ್ ಇವಾನ್ಸ್ ಅವರ 386 ಪ್ಯಾಚ್ ಹಾಕಿದ್ದು. ಮಾಮೂಲಿ ಮಿನಿಕ್ಸ್ 16 ಬಿಟ್‌ನದು. ಅದರ ಮೇಲೆ ಗ್ನೂ ಜಿಸಿಸಿ 1.40, ಗ್ನೂ ಅಸೆಂಬ್ಲರ್, ಗ್ನೂ ಲಿಂಕರ್. ಇಷ್ಟಾದರೂ ಬೂಟ್ ಭಾಗಕ್ಕೆ ಸಾಲದು. ಯಂತ್ರ ಎಚ್ಚರಾಗುವಾಗ 16 ಬಿಟ್ ಮೋಡಿನಲ್ಲಿರುತ್ತದೆ, ಆಗಿನ ಗ್ನೂ ಅಸೆಂಬ್ಲರಿಗೆ 16 ಬಿಟ್ ಕೋಡ್ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಆ ಒಂದು ಕಡತಕ್ಕೆ ಮಿನಿಕ್ಸ್‌ನ ಅಸೆಂಬ್ಲರೇ ಬೇಕು. ಒಂದೇ ಕರ್ನಲ್‌ನೊಳಗೆ ಎರಡು ಅಸೆಂಬ್ಲರ್, ಎರಡು ಥರದ ಬರವಣಿಗೆ. ಈಗ 0.11 ಕಟ್ಟುವವರೂ ಇಲ್ಲೇ ಎಡವುವುದು.

ಓಡಲು ಏನು ಬೇಕು? ಮಿನಿಕ್ಸ್ ಮಾದರಿಯ ಫೈಲ್ ಸಿಸ್ಟಮ್ ಹಾಕಿದ ಪಾರ್ಟಿಷನ್. ಎಟಿ ಹಾರ್ಡ್ ಡಿಸ್ಕ್ ಮಾತ್ರ, ಸ್ಕಸಿ ಇಲ್ಲ. ಫ್ಲಾಪಿ ಡ್ರೈವರ್ ಇಲ್ಲವೇ ಇಲ್ಲ, ಅಂದರೆ ಫ್ಲಾಪಿಯಿಂದ ಬಯಾಸ್ (ಯಂತ್ರದಲ್ಲೇ ಇರುವ, ಅದನ್ನು ಎಬ್ಬಿಸುವ ಪ್ರೋಗ್ರಾಮ್) ಬಲದಲ್ಲಿ ಬೂಟ್ ಆಗುತ್ತದೆ, ಆಮೇಲೆ ಅದೇ ಫ್ಲಾಪಿ ಕರ್ನಲ್ ಕಣ್ಣಿಗೆ ಕಾಣುವುದಿಲ್ಲ. ಶೆಲ್, ಕಂಪೈಲರ್, ಲೈಬ್ರರಿ ಎಲ್ಲ ಬೇರೆ ಕಡೆಯಿಂದ ತರಬೇಕು. ಬರೀ ಕರ್ನಲ್ ಇಟ್ಟುಕೊಂಡರೆ ಎಲ್ಲಿಗೂ ಹೋಗಲಾಗದು, ಜತೆಗೆ ಬೇಕಾದ ಸಲಕರಣೆ ಬಹುಪಾಲು ಗ್ನೂ ಯೋಜನೆಯದು ಎಂದು 0.01ರ ಟಿಪ್ಪಣಿಯಲ್ಲೇ ಟೊರ್ವಾಲ್ಡ್ಸ್ ಒಪ್ಪಿಕೊಂಡಿದ್ದಾರೆ.

#5 ಪರವಾನಗಿ ಪಂಡಿತ

ಅದನ್ನೇ ನಾನು ಹೇಳಬೇಕೆಂದಿದ್ದೆ. ಆ ಬೇರೆ ಕಡೆ ಎಲ್ಲಿಂದ ಬಂತು?

1983ರ ಸೆಪ್ಟೆಂಬರ್ 27ಕ್ಕೆ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದ ರಿಚರ್ಡ್ ಸ್ಟಾಲ್‌ಮನ್ ಯುನಿಕ್ಸ್‌ಗೆ ಹೊಂದುವ ಪೂರ್ತಿ ವ್ಯವಸ್ಥೆಯೊಂದನ್ನು ಬರೆಯುವುದಾಗಿ ಸಾರಿದರು. ಕರ್ನಲ್, ಎಡಿಟರ್, ಶೆಲ್, ಸಿ ಕಂಪೈಲರ್, ಲಿಂಕರ್, ಅಸೆಂಬ್ಲರ್, ಎಲ್ಲವೂ ಆ ಪಟ್ಟಿಯಲ್ಲಿದ್ದವು. 1984ರ ಜನವರಿಯಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ನೌಕರಿಯಲ್ಲಿದ್ದುಕೊಂಡು ಬರೆದರೆ ಎಂಐಟಿ ಹಕ್ಕು ಸಾಧಿಸಬಹುದು, ಹಂಚಿಕೆಗೆ ತನ್ನ ಷರತ್ತು ಹಾಕಬಹುದು ಎಂಬ ಮುಂದಾಲೋಚನೆ. ಪ್ರಯೋಗಾಲಯದ ಮುಖ್ಯಸ್ಥ ಪ್ಯಾಟ್ರಿಕ್ ವಿನ್‌ಸ್ಟನ್ ಯಂತ್ರಗಳನ್ನು ಬಳಸಲು ಬಿಟ್ಟದ್ದರಿಂದ ಕೆಲಸ ನಡೆಯಿತು.

ಕಂಪೈಲರಿನ ಕಥೆ ಕೇಳಿ. ಆಮ್‌ಸ್ಟರ್‌ಡ್ಯಾಮಿನ ಫ್ರೀ ಯೂನಿವರ್ಸಿಟಿಯಲ್ಲಿ ಹಲವು ಭಾಷೆ, ಹಲವು ಯಂತ್ರಗಳಿಗೆ ಆಗುವ ಕಂಪೈಲರ್ ಇದೆ, ಹೆಸರಿನಲ್ಲೇ ಫ್ರೀ ಇದೆ ಎಂದು ಸ್ಟಾಲ್‌ಮನ್ ಪತ್ರ ಬರೆದರು. ಫ್ರೀ ಇರುವುದು ವಿಶ್ವವಿದ್ಯಾಲಯ, ಕಂಪೈಲರ್ ಅಲ್ಲ ಎಂಬ ವ್ಯಂಗ್ಯದ ಉತ್ತರ ಬಂತು. ಬರೆದವರು ಆಂಡ್ರ್ಯೂ ಟನೆನ್‌ಬಾಮ್. ಮುಂದೆ ಮಿನಿಕ್ಸ್ ಬರೆದವರೂ ಅವರೇ.

ಆಮೇಲೆ ಲಿವರ್‌ಮೋರ್ ಪ್ರಯೋಗಾಲಯದ ಪ್ಯಾಸ್ಟೆಲ್ ಎಂಬ ಕಂಪೈಲರ್ ತೆಗೆದುಕೊಂಡು ಅದಕ್ಕೆ ಸಿ ಭಾಷೆ ಹಚ್ಚಿ 68000 ಯಂತ್ರಕ್ಕೆ ಒಯ್ಯಲು ನೋಡಿದರು. ಅದು ಇಡೀ ಕಡತವನ್ನು ಒಮ್ಮೆಲೇ ಓದಿ ಮರವಾಗಿ ಕಟ್ಟಿಕೊಳ್ಳುವ ಕ್ರಮದ್ದು. ಹಲವು ಎಂಬಿ ಸ್ಟ್ಯಾಕ್ ಕೇಳುತ್ತಿತ್ತು, ಆ ಯುನಿಕ್ಸ್ ಕೊಡುತ್ತಿದ್ದದ್ದು 64 ಕೆಬಿ. ಅಲ್ಲಿಗೆ ಅದನ್ನು ಬಿಟ್ಟು ಮೊದಲಿನಿಂದ ಬರೆದದ್ದೇ ಜಿಸಿಸಿ, ಹೊರಬಂದದ್ದು 1987ರಲ್ಲಿ. ಈಮ್ಯಾಕ್ಸ್ 1985. ಬ್ಯಾಶ್ 1989, ಬರೆದವರು ಬ್ರಯಾನ್ ಫಾಕ್ಸ್. ಗ್ನೂ ಪರವಾನಗಿ ಜಿಪಿಎಲ್ ಮೊದಲ ಆವೃತ್ತಿ 1989ರ ಫೆಬ್ರವರಿ, ಎರಡನೆಯದು 1991ರ ಜೂನ್. ಟೊರ್ವಾಲ್ಡ್ಸ್ ಪತ್ರ ಬರೆಯುವ ಹೊತ್ತಿಗೆ ಅಡುಗೆಮನೆಯ ಪಾತ್ರೆಪಡಗವೆಲ್ಲ ಸಿದ್ಧವಾಗಿತ್ತು, ಒಲೆಯೊಂದು, ಅಂದರೆ ಕರ್ನಲ್, ಬಿಟ್ಟು.

#6 ಅರೆಕಾಲಿಕ ರೂಟ್

ಒಲೆ ಯಾಕೆ ಆಗಲಿಲ್ಲ ಅಂತ ಪಂಡಿತರು ಜಾಣತನದಿಂದ ಬಿಟ್ಟಿದ್ದಾರೆ 🙂

#7 ಪರವಾನಗಿ ಪಂಡಿತ

ಬಿಟ್ಟಿಲ್ಲ ಗುರು, ಬರ್ತಿದ್ದೆ. ಮೊದಲು ಎಂಐಟಿಯಲ್ಲೇ ಬರೆದಿದ್ದ ಟ್ರಿಕ್ಸ್ ಎಂಬ ಕರ್ನಲ್ ಮೇಲೆ ಕಣ್ಣಿತ್ತು. ಅದು ಓಡುತ್ತಿದ್ದದ್ದು ಅಪರೂಪದ, ದುಬಾರಿಯಾದ 68000 ಯಂತ್ರದ ಮೇಲೆ. ಹಾಗಾಗಿ ಕೈಬಿಟ್ಟರು. ಆಮೇಲೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮಾಕ್ ಮೈಕ್ರೋಕರ್ನಲ್. ಅದು ಮುಕ್ತವಾಗಿ ಬಿಡುಗಡೆ ಆಗುವವರೆಗೆ ಕಾದರು. 1990ರಲ್ಲಿ ಅದರ ಮೇಲೆ ಗ್ನೂವಿನ ಸ್ವಂತ ಕರ್ನಲ್ ಹರ್ಡ್ ಶುರುವಾಯಿತು.

ಎಣಿಕೆ ಸೊಗಸಾಗಿತ್ತು. ಯಂತ್ರದ ಹತ್ತಿರದ ಕೆಲಸ ಮಾಕ್ ನೋಡಿಕೊಳ್ಳುತ್ತದೆ, ಉಳಿದದ್ದೆಲ್ಲ ಮಾಮೂಲಿ ಪ್ರೋಗ್ರಾಮಿನಂತೆ ಓಡುವ ಸರ್ವರುಗಳು, ಅವುಗಳ ತಪ್ಪನ್ನು ಜಿಡಿಬಿ ಡೀಬಗರ್ ಹಾಕಿ ಹಿಡಿಯಬಹುದು ಅಂತ. ಆದದ್ದು ತಲೆಕೆಳಗು. ಹಲವು ಎಳೆಗಳಲ್ಲಿ ಓಡುವ ಸರ್ವರುಗಳು ಒಂದಕ್ಕೊಂದು ಸಂದೇಶ ಕಳಿಸುತ್ತ ಕೂತರೆ ಯಾವುದು ಯಾರಿಗೆ ಕಾಯುತ್ತಿದೆ ಎಂದು ಹುಡುಕುವುದೇ ವರ್ಷಗಟ್ಟಲೆಯ ಕೆಲಸವಾಯಿತು.

#8 ಬೂಟ್‌ಸೆಕ್ಟರ್

ಇದಕ್ಕೆ ಎದುರಾಗಿ ಟೊರ್ವಾಲ್ಡ್ಸ್ ಮಾಡಿದ್ದು ಒರಟು ಕೆಲಸ, ಆದರೆ ಬೇಗ ಆಗುವಂಥದ್ದು. 1991ರ ಜನವರಿಯಲ್ಲಿ 386 ಕೊಂಡು ಮೊದಲು ಬರೆದದ್ದು ಓಎಸ್ ಅಲ್ಲ, ವಿಶ್ವವಿದ್ಯಾಲಯದ ಯಂತ್ರಕ್ಕೆ ಮೋಡೆಮ್ ಮೂಲಕ ಸೇರಲು ಒಂದು ಟರ್ಮಿನಲ್ ಎಮ್ಯುಲೇಟರ್. ಎರಡು ಎಳೆ: ಒಂದು ಕೀಬೋರ್ಡಿನಿಂದ ಮೋಡೆಮಿಗೆ, ಇನ್ನೊಂದು ಮೋಡೆಮಿನಿಂದ ಪರದೆಗೆ. ಕಡತ ಇಳಿಸಿ ಇಡಬೇಕು ಎಂದಾಗ ಡಿಸ್ಕ್ ಡ್ರೈವರ್ ಬೇಕಾಯಿತು, ಅದಾದ ಮೇಲೆ ಫೈಲ್ ಸಿಸ್ಟಮ್. ಮಿನಿಕ್ಸ್ ಪಾರ್ಟಿಷನ್ ಆಗಲೇ ಇದ್ದದ್ದರಿಂದ ಅದರ ಮಾದರಿಯನ್ನೇ ಹಿಡಿದರು. ಎಳೆ ಬದಲಿಸುವ ಕೆಲಸವನ್ನು 386 ಚಿಪ್ಪಿನ ಟಾಸ್ಕ್ ಸ್ವಿಚ್ಚಿಗೇ ವಹಿಸಿದರು: ಒಂದು ದೂರದ ಜಂಪ್, ರಿಜಿಸ್ಟರುಗಳೆಲ್ಲ ತಾವಾಗಿ ಬದಲಾಗುತ್ತವೆ.

0.01ರಲ್ಲಿ ಗರಿಷ್ಠ 64 ಪ್ರಾಸೆಸ್, ಒಂದೊಂದಕ್ಕೂ 64 ಎಂಬಿ ವಿಳಾಸ ಜಾಗ. ಗುಣಿಸಿದರೆ 4 ಜಿಬಿ, 32 ಬಿಟ್‌ನಲ್ಲಿ ಸಿಗುವ ಅಷ್ಟೂ ಜಾಗ. ಲೆಕ್ಕ ಚೊಕ್ಕ, ಆದರೆ ಬೇರೆ ಯಾವ ಚಿಪ್ಪಿಗೂ ಒಯ್ಯಲಾಗದು. ಇದು ಪೋರ್ಟಬಲ್ ಅಲ್ಲ, ಎಟಿ ಡಿಸ್ಕ್ ಬಿಟ್ಟು ಬೇರೇನೂ ಬರಲಿಕ್ಕಿಲ್ಲ ಎಂದು ಆಗಸ್ಟಿನ ಪತ್ರದಲ್ಲೇ ಹೇಳಿದ್ದರು.

#9 ಧಾರವಾಡ ಶೆಲ್

ಮಿನಿಕ್ಸ್ ಯಾಕ ಹುಟ್ಟಿತು ಅನ್ನೋದನ್ನ ಯಾರೂ ಹೇಳವಲ್ರಿ. ಯುನಿಕ್ಸ್ ಏಳನೇ ಆವೃತ್ತಿ ಬಂದಾಗ ಅದರ ಮಾಲೀಕ ಕಂಪನಿ ಎಟಿ ಅಂಡ್ ಟಿ ತನ್ನ ಲೈಸೆನ್ಸಿನಾಗ ಸೋರ್ಸ್ ಕೋಡನ್ನ ಕ್ಲಾಸಿನಾಗ ಕಲಿಸಬಾರದು ಅಂತ ಹಾಕಿತು. ಕಲಿಸೋರು ಏನ್ ಮಾಡಬೇಕ್ರಿ? ಟನೆನ್‌ಬಾಮ್ ಅವರು ತಾವೇ ಒಂದು ಬರದು 1987ರಾಗ ಪಠ್ಯಪುಸ್ತಕದ ಜೊತಿ ಹೊರಗ ಬಿಟ್ರು. ಅದರ ಸೋರ್ಸ್ ನೋಡಬಹುದಿತ್ತು, ಆದ್ರ ಪುಕ್ಕಟ ಇರಲಿಲ್ಲ, ಬದಲಿಸಿ ಹಂಚೋಹಂಗೂ ಇರಲಿಲ್ಲ. ಮಂದಿ ಪ್ಯಾಚ್ ಕಳಿಸಿದ್ರ, ಇದು ಹುಡುಗರು ಕಲೀಲಿಕ್ಕಿರೋದು, ದೊಡ್ಡದು ಮಾಡೂದಿಲ್ಲ ಅಂತಿದ್ರು. ಅದಕ್ಕ ಇವಾನ್ಸ್ ಅವರ 386 ಪ್ಯಾಚ್ ಬ್ಯಾರೆ ತಗೊಂಡು ಹಚ್ಚಬೇಕಾಗ್ತಿತ್ತು. ಆ ಬ್ಯಾಸರಕಿ ಇಲ್ಲದಿದ್ರ ಆಗಸ್ಟಿನ ಪತ್ರಕ್ಕ ಅಷ್ಟು ಉತ್ತರ ಬರ್ತಿದ್ದಿಲ್ಲ ನೋಡ್ರಿ. ಮಿನಿಕ್ಸ್‌ಗೆ ಬಿಎಸ್‌ಡಿ ಅನ್ನೋ ಮುಕ್ತ ಲೈಸೆನ್ಸ್ ಸಿಕ್ಕಿದ್ದು 2000ದಾಗ, ಆಗ ಜಾತ್ರಿ ಮುಗದಿತ್ತು.

#10 ಕಡಲತಡಿ ಡೀಮನ್

ಹಾಗಾದರೆ ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಆದ ಬಿಎಸ್‌ಡಿಯನ್ನೂ ಹೇಳಿಬಿಡಿ. 1991ರ ಜೂನಿನಲ್ಲೇ ಬರ್ಕ್ಲಿಯ ನೆಟ್-2 ಹೊರಬಂದಿತ್ತು, ಎಟಿ ಅಂಡ್ ಟಿ ಕೋಡ್ ತೆಗೆದ ಹೆಚ್ಚುಕಡಿಮೆ ಪೂರ್ತಿ ವ್ಯವಸ್ಥೆ. ಜೋಲಿಟ್ಸ್ ದಂಪತಿ ಅದಕ್ಕೆ ಬಿಟ್ಟುಹೋದ ಕಡತಗಳನ್ನು ತುಂಬಿ 1992ರಲ್ಲಿ 386ಬಿಎಸ್‌ಡಿ ಕೊಟ್ಟರು. ಅದೇ ವರ್ಷ ಬರ್ಕ್ಲಿಯ ಕೋಡಿನ ಬಗ್ಗೆ ಎಟಿ ಅಂಡ್ ಟಿ ಕಡೆಯಿಂದ ಮೊಕದ್ದಮೆ ಬಿತ್ತು, ಇತ್ಯರ್ಥ ಆದದ್ದು 1994ರ ಆರಂಭದಲ್ಲಿ. ಸುಮಾರು 18 ಸಾವಿರ ಕಡತದಲ್ಲಿ ತೆಗೆಯಬೇಕಾಗಿ ಬಂದದ್ದು ಮೂರು! ಆ ಎರಡು ವರ್ಷ ಲಿನಕ್ಸಿಗೆ ಬಯಲು ಖಾಲಿ ಸಿಕ್ಕಿತು. 386ಬಿಎಸ್‌ಡಿ ಮೊದಲೇ ಇದ್ದಿದ್ದರೆ ಲಿನಕ್ಸ್ ಬಹುಶಃ ಆಗುತ್ತಲೇ ಇರಲಿಲ್ಲ ಎಂದು ಟೊರ್ವಾಲ್ಡ್ಸ್ ಅವರೇ ಹೇಳಿದ್ದುಂಟು.

#11 ಹೊಸಬ_386

ಇಷ್ಟು ಓದಿದ ಮೇಲೆ ಇನ್ನೂ ಗೊಂದಲ. 0.01 ತನ್ನ ಕಾಲಮೇಲೆ ನಿಲ್ಲುವುದಿಲ್ಲ ಅಂದಿರಿ. ಹಾಗಾದರೆ ನಿಂತದ್ದು ಯಾವಾಗ?

#12 ಹಳೇಫ್ಲಾಪಿ

ನನ್ನ ಲೆಕ್ಕದಲ್ಲಿ 0.11, 1991ರ ಡಿಸೆಂಬರ್. ಅಕ್ಟೋಬರಿನ 0.02ರ ಮೇಲೆ ಬ್ಯಾಶ್, ಜಿಸಿಸಿ, ಮೇಕ್, ಸೆಡ್ ಓಡುತ್ತಿದ್ದವು ನಿಜ. ಆದರೆ ಲಿನಕ್ಸಿನ ಮೇಲೆ ಕೂತು ಅದೇ ಲಿನಕ್ಸನ್ನು ಕಂಪೈಲ್ ಮಾಡಬಹುದಾದದ್ದು 0.11ರಲ್ಲಿ. ಅಲ್ಲಿಯವರೆಗೆ ಪ್ರತಿ ಬದಲಾವಣೆಗೂ ಮಿನಿಕ್ಸ್‌ಗೆ ವಾಪಸ್ ಹೋಗಬೇಕು. ಟೊರ್ವಾಲ್ಡ್ಸ್ ಕೂಡ ಮಿನಿಕ್ಸ್ ಬಿಟ್ಟದ್ದು ಸಿದ್ಧಾಂತಕ್ಕಲ್ಲ. ಮೋಡೆಮಿಗೆ ಹೋಗಬೇಕಾದ ಡಯಲ್ ಆಜ್ಞೆಯನ್ನು ತಪ್ಪಿ ಹಾರ್ಡ್ ಡಿಸ್ಕಿಗೆ ಕಳಿಸಿ ಮಿನಿಕ್ಸ್ ಪಾರ್ಟಿಷನ್ ಹಾಳಾಯಿತು, ಮತ್ತೆ ಹಾಕುವ ಬದಲು ಲಿನಕ್ಸಿನಲ್ಲೇ ಉಳಿದರು.

ಫ್ಲಾಪಿ ಡ್ರೈವರೂ ಆಗ ಬಂದಿತ್ತು. ಹಾಗಾಗಿ ಮಿನಿಕ್ಸ್ ಇಲ್ಲದವರೂ ಎರಡು ಫ್ಲಾಪಿಯಲ್ಲಿ ಶುರು ಮಾಡಬಹುದಾಯಿತು. ಕ್ರಮ ಹೀಗೆ:

ಬೂಟ್ ಪ್ರತಿ ಮತ್ತು ರೂಟ್ ಪ್ರತಿ (ಫ್ಲಾಪಿಯ ಇಮೇಜ್ ಕಡತಗಳು) ಇಳಿಸಿ, ಡಾಸ್‌ನಲ್ಲಿ ರಾರೈಟ್ ಎಂಬ ಪ್ರೋಗ್ರಾಮಿನಿಂದ ಎರಡು ಫ್ಲಾಪಿಗೆ ಸೆಕ್ಟರ್ ಸೆಕ್ಟರಾಗಿ ಬರೆಯಬೇಕು. ಡಾಸ್‌ನ ಕಾಪಿ ಆಜ್ಞೆ ನಡೆಯದು, ಅದು ಡಾಸ್ ಫೈಲ್ ಸಿಸ್ಟಮಿನೊಳಗೆ ಒಂದು ಕಡತವಾಗಿ ಇಡುತ್ತದೆ, ಬಯಾಸ್ ಓದುವ ಮೊದಲ ಸೆಕ್ಟರಿಗೆ ಹೋಗುವುದಿಲ್ಲ. ಬೂಟ್ ಫ್ಲಾಪಿ ಹಾಕಿ ಯಂತ್ರ ಎಬ್ಬಿಸಿದರೆ ರೂಟ್ ಫ್ಲಾಪಿ ಹಾಕಿ ಎಂಟರ್ ಒತ್ತಿ ಎನ್ನುತ್ತದೆ. ಶೆಲ್ ಬಂದ ಮೇಲೆ ಖಾಲಿ ಪಾರ್ಟಿಷನ್ನಿನ ಮೇಲೆ ಫೈಲ್ ಸಿಸ್ಟಮ್ ಕಟ್ಟಬೇಕು, ಬ್ಲಾಕ್ ಎಷ್ಟೆಂದು ಕೈಯಾರೆ ಕೊಟ್ಟು. ಒಂದು ಬ್ಲಾಕ್ ಅಂದರೆ 1 ಕೆಬಿ. ಪಾರ್ಟಿಷನ್ ಸಂಖ್ಯೆ ಒಂದು ತಪ್ಪಿದರೆ ಡಾಸ್ ಹೋಯಿತು, ಕೇಳುವವರಿಲ್ಲ. ಮಿನಿಕ್ಸ್ ಮಾದರಿಯಾದ್ದರಿಂದ 64 ಎಂಬಿಗಿಂತ ದೊಡ್ಡ ಪಾರ್ಟಿಷನ್ ಆಗದು, ಕಡತದ ಹೆಸರು 14 ಅಕ್ಷರ ಮೀರದು. ಆಮೇಲೆ ಮೌಂಟ್ ಮಾಡಿ ಫ್ಲಾಪಿಯಲ್ಲಿದ್ದದ್ದನ್ನೆಲ್ಲ ನಕಲಿಸಿ, ಸಿಂಕ್ ಕೊಡಬೇಕು. ಸಿಂಕ್ ಕೊಡದೆ ಸ್ವಿಚ್ ಆರಿಸಿದರೆ ಬಫರಿನಲ್ಲಿದ್ದದ್ದು ಡಿಸ್ಕಿಗೆ ಇಳಿಯದೆ ಫೈಲ್ ಸಿಸ್ಟಮ್ ಕೆಡುತ್ತದೆ.

ಕೊನೆಗೆ ಬೂಟ್ ಫ್ಲಾಪಿಗೆ ಹೊಸ ರೂಟ್ ಎಲ್ಲಿದೆ ಎಂದು ಹೇಳಬೇಕು.

#13 ಬೂಟ್‌ಸೆಕ್ಟರ್

ಅದನ್ನು ನಾನು ಹೇಳಲೇಬೇಕು, ಹೆಸರೇ ಹಾಗಿದೆ.

ಮೊದಲ ಸೆಕ್ಟರ್ 512 ಬೈಟ್. ಕೊನೆಯ ಎರಡು, ಅಂದರೆ 510 ಮತ್ತು 511, ಬಯಾಸ್ ಹುಡುಕುವ ಗುರುತು. ಅದರ ಹಿಂದಿನ ಎರಡು, 508 ಮತ್ತು 509, ರೂಟ್ ಸಾಧನದ ಸಂಖ್ಯೆ. 0.12ರಿಂದ 506, 507 ಸ್ವಾಪ್ ಸಾಧನಕ್ಕೆ.

ಸಾಧನದ ಸಂಖ್ಯೆ ಹೆಕ್ಸಿನಲ್ಲಿ. ಹಾರ್ಡ್ ಡಿಸ್ಕಿಗೆ ಮುಖ್ಯ ಸಂಖ್ಯೆ 3. ಮೊದಲ ಡಿಸ್ಕ್ ಇಡಿಯಾಗಿ 300, ಅದರ ಪಾರ್ಟಿಷನ್ನುಗಳು 301ರಿಂದ 304. ಎರಡನೇ ಡಿಸ್ಕ್ ಇಡಿಯಾಗಿ 305, ಅದರ ಮೊದಲ ಪಾರ್ಟಿಷನ್ 306. ಸೋರ್ಸಿನಲ್ಲಿ ಮೊದಲೇ ಬರೆದಿಟ್ಟದ್ದು 306, ಯಾಕೆಂದರೆ ಟೊರ್ವಾಲ್ಡ್ಸ್ ಅವರ ಲಿನಕ್ಸ್ ಇದ್ದದ್ದು ಅಲ್ಲಿ. ಒಂದೇ ಡಿಸ್ಕ್ ಇರುವವರು ಹಾಗೇ ಬಿಟ್ಟರೆ ಪ್ಯಾನಿಕ್, ಅಂದರೆ ಕರ್ನಲ್ ಅಲ್ಲೇ ನಿಂತುಬಿಡುತ್ತದೆ. ಫ್ಲಾಪಿಗೆ ಮುಖ್ಯ ಸಂಖ್ಯೆ 2: 1.2 ಎಂಬಿ ಫ್ಲಾಪಿ 208, 1.44 ಎಂಬಿಯದು 21ಸಿ.

ಎಡವುವ ಜಾಗ: ಇಂಟೆಲ್ ಚಿಪ್ಪಿನಲ್ಲಿ ಕಿರಿಯ ಬೈಟ್ ಮೊದಲು. 301 ಬೇಕಾದರೆ 508ರಲ್ಲಿ 01, 509ರಲ್ಲಿ 03. ಅದಲು ಬದಲಾದರೆ 103 ಆಗುತ್ತದೆ, ಅದು ಮೆಮೊರಿ ಸಾಧನದ ಸಾಲಿನದ್ದು, ರೂಟ್ ಸಿಗದೆ ಮತ್ತದೇ ಪ್ಯಾನಿಕ್. ಇಷ್ಟೆಲ್ಲ ಮಾಡಿದರೂ ಪ್ರತಿ ಸಲ ಎಬ್ಬಿಸಲು ಫ್ಲಾಪಿ ಬೇಕು. ವರ್ನರ್ ಆಲ್ಮೆಸ್‌ಬರ್ಗರ್ ಅವರ, ಡಿಸ್ಕಿನಿಂದಲೇ ಬೂಟ್ ಮಾಡಿಸುವ ಲೈಲೋ ಬಂದ ಮೇಲೆ ಆ ಕಾಟ ತಪ್ಪಿತು.

#14 ಪರವಾನಗಿ ಪಂಡಿತ

ಕಂಪೈಲ್ ಆಯಿತು, ಸರಿ. ಆದರೆ ಪ್ರಶ್ನೆ ಮುಕ್ತ ತಂತ್ರಾಂಶದ್ದಾದರೆ 0.11 ಕೂಡ ಪಾಸಾಗುವುದಿಲ್ಲ. 0.01ರ ಷರತ್ತು ಮೂರು: ಪೂರ್ತಿ ಸೋರ್ಸ್ ಕೊಡಬೇಕು, ಹಕ್ಕಿನ ಟಿಪ್ಪಣಿ ತೆಗೆಯಬಾರದು, ಹಂಚುವುದಕ್ಕೆ ದುಡ್ಡು ತೆಗೆದುಕೊಳ್ಳಬಾರದು. ಫ್ಲಾಪಿ, ಅಂಚೆಯ ಖರ್ಚು ಕೂಡ ಕೇಳುವಂತಿಲ್ಲ. ಮೂರನೆಯದು ಇರುವವರೆಗೆ ಅದು ಗ್ನೂ ಅರ್ಥದ ಫ್ರೀ ಅಲ್ಲ. ಇಂಗ್ಲಿಷಿನವರಿಗೆ ಇದನ್ನು ವಿವರಿಸಲು ಪುಟಗಟ್ಟಲೆ ಬೇಕು. ನಮ್ಮಲ್ಲಿ ಎರಡು ಪದ ಇವೆ, ಮುಗಿಯಿತು: 0.01 ಉಚಿತ, ಮುಕ್ತ ಅಲ್ಲ.

ವ್ಯವಹಾರದಲ್ಲೂ ಇದು ತೊಡಕು. ಎಫ್‌ಟಿಪಿ ಇಲ್ಲದವರಿಗೆ ಒಂದು ಬಳಕೆದಾರರ ಕೂಟ ಫ್ಲಾಪಿ ನಕಲು ಮಾಡಿ ಕೊಟ್ಟರೆ ಫ್ಲಾಪಿಯ ದುಡ್ಡು ತನ್ನ ಜೇಬಿನಿಂದ ಹಾಕಬೇಕು. ಕೆಲವರು ಕೇಳಿಕೊಂಡ ಮೇಲೆ, 1992ರ ಜನವರಿಯ 0.12ರ ಟಿಪ್ಪಣಿಯಲ್ಲಿ ಟೊರ್ವಾಲ್ಡ್ಸ್ ಜಿಪಿಎಲ್‌ಗೆ ಹೋಗುವುದಾಗಿ ಬರೆದರು, ಜಾರಿ ಫೆಬ್ರವರಿ 1ರಿಂದ, ಕೋಡ್ ಕೊಟ್ಟ ಇತರರು ಒಪ್ಪಿದರೆ ಎಂಬ ಮಾತಿನೊಂದಿಗೆ. ಆಗ ಕೋಡ್ ಕೊಟ್ಟವರು ಬೆರಳೆಣಿಕೆಯಷ್ಟು. ಅದಕ್ಕೇ ಒಂದು ಟಿಪ್ಪಣಿಯಲ್ಲಿ ಮುಗಿಯಿತು.

ನನ್ನ ಮತ 1992ರ ಫೆಬ್ರವರಿ 1ಕ್ಕೆ.

#15 ಅರೆಕಾಲಿಕ ರೂಟ್

ಆ ದಿನಕ್ಕೆ ಯಾರೂ ಕೇಕ್ ಕತ್ತರಿಸುವುದನ್ನು ಕಂಡಿಲ್ಲ. ಆದರೆ ವಾದ ಸರಿ ಇದೆ.

0.12ಕ್ಕೆ ಇನ್ನೊಂದು ಕಾರಣ ಸೇರಿಸಿ. 2 ಎಂಬಿ ಮೆಮೊರಿಯ ಯಂತ್ರ ಇದ್ದ ಒಬ್ಬ ಬಳಕೆದಾರರಿಗೆ ಜಿಸಿಸಿಯಲ್ಲಿ ಕರ್ನಲ್ ಕಂಪೈಲ್ ಮಾಡಲು ಮೆಮೊರಿ ಸಾಲುತ್ತಿರಲಿಲ್ಲ. ಅವರ ಕೋರಿಕೆಗೆ ಟೊರ್ವಾಲ್ಡ್ಸ್ ಕ್ರಿಸ್‌ಮಸ್ ರಜೆಯಲ್ಲಿ ಪುಟಗಳನ್ನು ಡಿಸ್ಕಿಗೆ ತಳ್ಳುವ ಸೌಲಭ್ಯ ಬರೆದರು, ಬೂಟ್‌ಸೆಕ್ಟರ್ ಹೇಳಿದ 506ನೇ ಬೈಟ್ ಅದಕ್ಕೇ. ಮಿನಿಕ್ಸ್‌ನಲ್ಲಿ ಇದು ಇರಲಿಲ್ಲ. ಮಿನಿಕ್ಸ್ ಮಂದಿ ಸಾಲಾಗಿ ಈ ಕಡೆ ಬರತೊಡಗಿದ್ದು ಆಗಲೇ. 1992ರ ಜನವರಿ 29ಕ್ಕೆ ಟನೆನ್‌ಬಾಮ್ "ಲಿನಕ್ಸ್ ಹಳತಾಯಿತು" ಎಂಬ ತಲೆಬರಹದಲ್ಲಿ ಬರೆದದ್ದೂ ಕಾಕತಾಳೀಯ ಅಲ್ಲ. ಇಡೀ ಕರ್ನಲ್ ಒಂದೇ ತುಂಡು, 386ಕ್ಕೆ ಕಟ್ಟಿಹಾಕಿದ್ದು ಎಂಬ ಅವರ ಎರಡು ಆಕ್ಷೇಪದಲ್ಲಿ ಎರಡನೆಯದು ಆ ಹೊತ್ತಿಗೆ ನೂರಕ್ಕೆ ನೂರು ನಿಜ.

#16 ಧಾರವಾಡ ಶೆಲ್

ಪಂಡಿತರ, ನಿಮ್ಮ ಲೆಕ್ಕಕ್ಕ ಹೋದ್ರ ಬರೇ ಲೈಸೆನ್ಸು ಓಎಸ್ ಆಗೂದಿಲ್ರಿ. ಮಂದಿ ಕೈಯಾಗ ಪೂರಾ ವ್ಯವಸ್ಥಾ ಸಿಕ್ಕಿದ್ದು ಯಾವಾಗ? ಮ್ಯಾಂಚೆಸ್ಟರಿನ ಓವೆನ್ ಲ ಬ್ಲಾಂಕ್ ಅವರ ಎಂಸಿಸಿ 1992ರ ಫೆಬ್ರವರಿ, ಆಮ್ಯಾಲೆ ಪೀಟರ್ ಮ್ಯಾಕ್‌ಡೊನಾಲ್ಡ್ ಅವರ ಎಸ್‌ಎಲ್‌ಎಸ್. ಎಸ್‌ಎಲ್‌ಎಸ್ ತುಂಬ ತಪ್ಪು ಅದಾವ ಅಂತ ರಿಪೇರಿಗೆ ಕುಂತು ಪ್ಯಾಟ್ರಿಕ್ ವೋಲ್ಕರ್ಡಿಂಗ್ 1993ರ ಜುಲೈ 17ಕ್ಕ ಸ್ಲ್ಯಾಕ್‌ವೇರ್ ಕೊಟ್ರು, ಅದ ಬ್ಯಾಸರಕಿಗೆ ಇಯಾನ್ ಮುರ್ಡಾಕ್ ಆಗಸ್ಟ್ 16ಕ್ಕ ಡೆಬಿಯನ್ ಸಾರಿದ್ರು. ಕರ್ನಲ್ 1.0 ಆಗಿದ್ದು 1994ರ ಮಾರ್ಚ್ 14, ಆಗ 1,76,250 ಸಾಲು. 0.01ಕ್ಕಿಂತ ಹದಿನೇಳು ಪಟ್ಟು ನೋಡ್ರಿ, ಎರಡೂವರಿ ವರ್ಷದಾಗ.

#17 ಕಡಲತಡಿ ಡೀಮನ್

ಒಂದು ಚಿಕ್ಕ ಅಡ್ಡ ಮಾತು. 0.02 ಬಂದ ಅದೇ 1991ರ ಅಕ್ಟೋಬರಿನಲ್ಲಿ ಯೂನಿಕೋಡ್ 1.0 ಹೊರಬಂತು, ಅದರಲ್ಲಿ ಕನ್ನಡ ಇತ್ತು. ಎರಡೂ ಒಂದನ್ನೊಂದು ಕಂಡದ್ದು ಬಹಳ ವರ್ಷದ ಮೇಲೆ. ಹಾಂ, ಈಗ ಹೊಸಬರ ಮೂರನೇ ಪ್ರಶ್ನೆ ಯಾರು ತಗೊಳ್ತೀರಿ?

#18 ಬೂಟ್‌ಸೆಕ್ಟರ್

ಬಂದೆ. 0.11 ಈಗಿನ ಸಲಕರಣೆಯಲ್ಲಿ ಕಟ್ಟುವಾಗ ಯಾವ ಕ್ರಮದಲ್ಲಿ ಮುರಿಯುತ್ತದೆಯೋ ಅದೇ ಕ್ರಮದಲ್ಲಿ ಹೇಳುತ್ತೇನೆ.

ಮೊದಲು ಮೇಕ್ ಕಡತ. ಹಳೆಯ ಆಯ್ಕೆಗಳನ್ನು ತೆಗೆಯಿರಿ. ಅದರಲ್ಲಿ ಒಂದು ಟೊರ್ವಾಲ್ಡ್ಸ್ ತಮ್ಮ ಜಿಸಿಸಿಗೆ ತಾವೇ ಹಾಕಿಕೊಂಡಿದ್ದ ಸ್ಟ್ರಿಂಗ್ ಸೂಚನೆಗಳ ಆಯ್ಕೆ, ಬೇರೆ ಜಿಸಿಸಿಗೆ ಅದು ಗೊತ್ತೇ ಇಲ್ಲ. ಬದಲಿಗೆ 32 ಬಿಟ್ ಆಯ್ಕೆ ಹಾಕಿ. ಸ್ಟ್ಯಾಕ್ ಪ್ರೊಟೆಕ್ಟರ್ ಬೇಡ, ಪೈ (ಯಾವ ವಿಳಾಸದಲ್ಲೂ ಓಡುವಂತೆ ಕಟ್ಟುವುದು) ಬೇಡ, ಬಿಲ್ಟ್-ಇನ್ ಬೇಡ. ಇವು ಇದ್ದರೆ ಕರ್ನಲಿನಲ್ಲಿ ಇಲ್ಲದ ಫಂಕ್ಷನ್, ಕೋಷ್ಟಕಗಳನ್ನು ಕಂಪೈಲರ್ ತಾನಾಗಿ ಬಳಸಹೊರಡುತ್ತದೆ.

ಆಮೇಲೆ ಬೂಟ್ ಸೆಕ್ಟರ್ ಮತ್ತು ಸೆಟಪ್ ಕಡತ. ಹಳೇಫ್ಲಾಪಿ ಹೇಳಿದಂತೆ ಇವು 16 ಬಿಟ್, ಬರವಣಿಗೆಯೂ ಬೇರೆ. ಆ್ಯಸ್86, ಎಲ್‌ಡಿ86 ಈಗಲೂ ಸಿಗುತ್ತವೆ, ಅವನ್ನೇ ಬಳಸಿ. ಗ್ನೂ ಅಸೆಂಬ್ಲರಿನ ಬರವಣಿಗೆಗೆ ತಿರುಗಿಸಲು ಹೋಗಬೇಡಿ, ಎರಡು ದಿನ ಹಾಳು.

ಮೂರನೆಯದು ಅಡಿಗೆರೆ. ಎ.ಔಟ್ ಎಂಬ ಹಳೆಯ ಬೈನರಿ ಕಡತದ ಮಾದರಿಯಲ್ಲಿ ಸಿ ಭಾಷೆಯ ಪ್ರತಿ ಹೆಸರಿನ ಶುರುವಿಗೆ ಒಂದು ಅಡಿಗೆರೆ ಸೇರುತ್ತಿತ್ತು, ಈಗಿನ ಎಲ್ಫ್‌ನಲ್ಲಿ ಸೇರುವುದಿಲ್ಲ. ಅಸೆಂಬ್ಲಿ ಕಡತಗಳು ಅಡಿಗೆರೆ ಇರುವ ಹೆಸರನ್ನೇ ಹುಡುಕಿ ಲಿಂಕರ್ ಬೈಯುತ್ತದೆ. ಒಂದೋ ಅವನ್ನೆಲ್ಲ ತೆಗೆಯಿರಿ, ಸಿ ಕಡತಗಳೊಳಗಿನ ಅಸೆಂಬ್ಲಿ ತುಣುಕುಗಳಲ್ಲೂ. ಇಲ್ಲವೇ ಹೆಸರಿನ ಶುರುವಿಗೆ ಅಡಿಗೆರೆ ಸೇರಿಸುವ ಆಯ್ಕೆ ಜಿಸಿಸಿಗೇ ಕೊಡಿ. ಜತೆಗೆ ಅಲೈನ್ ಸೂಚನೆ ನೋಡಿ: ಹಳೆಯದರಲ್ಲಿ 2 ಅಂದರೆ ಎರಡರ ಎರಡನೇ ಘಾತ, 4 ಬೈಟ್. ಎಲ್ಫ್‌ನಲ್ಲಿ 2 ಅಂದರೆ 2 ಬೈಟೇ.

ನಾಲ್ಕು, ಸ್ಟ್ರಿಂಗ್ ಹೆಡರಿನ ತುಣುಕುಗಳು. ಇನ್‌ಪುಟ್ ಆಗಿ ಕೊಟ್ಟ ರಿಜಿಸ್ಟರನ್ನೇ "ಇದು ಕೆಡುತ್ತದೆ" ಎಂಬ ಪಟ್ಟಿಯಲ್ಲೂ ಬರೆದಿದ್ದಾರೆ, ಈಗಿನ ಜಿಸಿಸಿ ಒಪ್ಪುವುದಿಲ್ಲ. ಅಂತರ್ಜಾಲದಲ್ಲಿ ಸಿಗುವ ಸುಲಭ ಉಪಾಯ ಆ ಪಟ್ಟಿಯನ್ನು ಅಳಿಸಿಬಿಡುವುದು. ಮಾಡಬೇಡಿ! ಕಂಪೈಲರಿನ ದೋಷ ಸಂದೇಶ ಮಾಯವಾಗುತ್ತದೆ ನಿಜ, ಆದರೆ ರಿಜಿಸ್ಟರ್ ಬದಲಾಗಿಲ್ಲ ಎಂದು ಕಂಪೈಲರ್ ನಂಬಿ ಹಳೆ ಬೆಲೆಯನ್ನೇ ಮುಂದೆ ಬಳಸುತ್ತದೆ. ಕಡತ ಓದುವಾಗ ಎಲ್ಲೋ ಕಸ ಬರುತ್ತದೆ, ಕಾರಣ ಸಿಗುವುದಿಲ್ಲ. ಆ ರಿಜಿಸ್ಟರನ್ನು ಇನ್‌ಪುಟ್ ಮತ್ತು ಔಟ್‌ಪುಟ್ ಎರಡೂ ಎಂದು ಬರೆಯಿರಿ.

ಐದು, ಜೋಡಣೆ. ಬಿಲ್ಡ್ ಎಂಬ ಪುಟ್ಟ ಪ್ರೋಗ್ರಾಮ್ ಕರ್ನಲಿನ ಮೊದಲ 1024 ಬೈಟ್ ಎ.ಔಟ್ ಹೆಡರ್ ಎಂದು ಕಿತ್ತುಹಾಕುತ್ತದೆ. ಎಲ್ಫ್ ಕೊಟ್ಟರೆ ಇದು ಜಿಸಿಸಿ ಹೆಡರ್ ಅಲ್ಲ ಎಂದು ನಿಲ್ಲುತ್ತದೆ. ಆಬ್ಜ್‌ಕಾಪಿಯಿಂದ ಬರಿಯ ಬೈನರಿ ಮಾಡಿ, ಬಿಲ್ಡ್‌ನಲ್ಲಿ ಆ ಪರೀಕ್ಷೆ ತೆಗೆಯಿರಿ. ಲಿಂಕ್ ಮಾಡುವಾಗ ಹೆಡ್ ಕಡತ ಎಲ್ಲಕ್ಕಿಂತ ಮೊದಲು, ವಿಳಾಸ ಸೊನ್ನೆಯಿಂದ. ಬಿಲ್ಡ್-ಐಡಿ ಆರಿಸಿ. ಇಲ್ಲದಿದ್ದರೆ ಲಿಂಕರ್ ಅದನ್ನು ಮುಂದೆ ತುರುಕಿ ಕೋಡ್ ಹಿಂದೆ ಸರಿಯುತ್ತದೆ, ಸೊನ್ನೆಗೆ ಜಂಪ್ ಮಾಡಿದ ಚಿಪ್ ಕೋಡಿನ ಬದಲು ಆ ಗುರುತಿನ ಬೈಟುಗಳನ್ನು ಓಡಿಸಹೊರಟು ರೀಸೆಟ್ ಆಗುತ್ತದೆ. ಗಾತ್ರವೂ ನೋಡಿಕೊಳ್ಳಿ: ಬೂಟ್ ಸೆಕ್ಟರ್ ಓದುವುದು ಹೆಕ್ಸ್ 30000 ಬೈಟ್, ನಮ್ಮ ಲೆಕ್ಕದಲ್ಲಿ 1,96,608. ಅದಕ್ಕಿಂತ ದೊಡ್ಡದಾದರೆ ಉಳಿದದ್ದು ಲೋಡ್ ಆಗದು.

ಕಡೆಗೆ ಪ್ರತಿಯನ್ನು ಸರಿಯಾಗಿ 14,74,560 ಬೈಟ್‌ಗೆ ಸೊನ್ನೆ ತುಂಬಿ ಉದ್ದ ಮಾಡಿ. ಚಿಕ್ಕದಿದ್ದರೆ ಎಮ್ಯುಲೇಟರ್ ಬೇರೆ ಫ್ಲಾಪಿ ಎಂದು ಊಹಿಸಬಹುದು, ಆಗ ಸೆಕ್ಟರ್ ಲೆಕ್ಕ ತಪ್ಪುತ್ತದೆ.

#19 ಹೊಸಬ_386

ಇದಿಷ್ಟೂ ದಾಟಿ ಆಗಿದೆ ಸರ್. ಕಂಪೈಲ್ ಆಗುತ್ತದೆ, ಲೋಡ್ ಆಗುತ್ತದೆ, ಅದಾದ ಮೇಲೆ ಸದ್ದಿಲ್ಲ. ಡೀಬಗ್ ಮಾಡಲು ಸುಲಭ ಎಂದು ಆಪ್ಟಿಮೈಸೇಷನ್ ಪೂರ್ತಿ ಆರಿಸಿ ಕಟ್ಟಿರುವುದು.

#20 ಬೂಟ್‌ಸೆಕ್ಟರ್

ಸಿಕ್ಕಿತು. ಅದೇ ಕಾರಣ.

ಮೇನ್ ಕಡತದಲ್ಲಿ ಫೋರ್ಕ್ (ಹೊಸ ಪ್ರಾಸೆಸ್ ಹುಟ್ಟಿಸುವ ಕರೆ) ಮತ್ತು ಪಾಸ್ (ಸುಮ್ಮನೆ ಕಾಯುವ ಕರೆ) ಎರಡನ್ನೂ ಇನ್‌ಲೈನ್, ಅಂದರೆ ಕರೆಯುವ ಬದಲು ಕೋಡನ್ನು ಅಲ್ಲೇ ಸೇರಿಸು, ಎಂದು ಬರೆದಿದ್ದಾರೆ, ಮೇಲೊಂದು ಉದ್ದದ ಎಚ್ಚರಿಕೆಯೂ ಇದೆ. ಸೊನ್ನೆಯ ಪ್ರಾಸೆಸ್ ಕರ್ನಲ್ ಜಾಗದಲ್ಲೇ ಕೂತು ಒಂದನೆಯದನ್ನು ಹುಟ್ಟಿಸುತ್ತದೆ. ಮಾಮೂಲಿ ಫೋರ್ಕ್‌ನಲ್ಲಿ ತಂದೆ, ಮಗು ಇಬ್ಬರ ಪುಟಗಳೂ ಓದಲು ಮಾತ್ರ ಎಂದಾಗಿ, ಯಾರು ಬರೆದರೂ ಪ್ರತ್ಯೇಕ ನಕಲು ಸಿಗುತ್ತದೆ. ಆದರೆ ಮೊದಲ 1 ಎಂಬಿಯೊಳಗಿನ ಪುಟಗಳಿಗೆ ತಂದೆಯ ಕಡೆ ಆ ರಕ್ಷಣೆ ಹಾಕುವುದಿಲ್ಲ. ಅಂದರೆ ಇಬ್ಬರದೂ ಒಂದೇ ಸ್ಟ್ಯಾಕ್, ತಂದೆ ಬರೆದದ್ದು ಮಗುವಿನ ಸ್ಟ್ಯಾಕಿನ ಮೇಲೂ ಬೀಳುತ್ತದೆ.

ಫೋರ್ಕ್ ಇನ್‌ಲೈನ್ ಆದರೆ ಸ್ಟ್ಯಾಕ್ ಮುಟ್ಟುವುದೇ ಇಲ್ಲ, ತೊಂದರೆ ಇಲ್ಲ. ಆಪ್ಟಿಮೈಸೇಷನ್ ಆರಿಸಿದರೆ ಜಿಸಿಸಿ ಇನ್‌ಲೈನ್ ಪದವನ್ನು ಲೆಕ್ಕಕ್ಕೇ ಇಡುವುದಿಲ್ಲ, ಫೋರ್ಕ್ ನಿಜವಾದ ಕರೆಯಾಗಿ ಹಿಂದಿರುಗುವ ವಿಳಾಸ ಸ್ಟ್ಯಾಕ್ ಮೇಲೆ ಕೂರುತ್ತದೆ. ತಂದೆ ಮೊದಲು ಹಿಂದಿರುಗಿ ಪಾಸ್ ಕರೆಯುತ್ತದೆ, ಅದರ ವಿಳಾಸ ಅದೇ ಜಾಗದಲ್ಲಿ ಬೀಳುತ್ತದೆ. ಸರದಿ ಬಂದಾಗ ಮಗು ಫೋರ್ಕ್‌ನಿಂದ ಹಿಂದಿರುಗಲು ನೋಡಿದರೆ ಅಲ್ಲಿರುವುದು ಪಾಸ್‌ನ ವಿಳಾಸ. ಮಗು ಓಡಿಸಬೇಕಾದ ಇನಿಟ್ ಓಡುವುದೇ ಇಲ್ಲ. ಬಫರ್, ಮೆಮೊರಿ ಸಾಲುಗಳನ್ನು ಮುದ್ರಿಸುವುದು ಇನಿಟ್.

ಎರಡೂ ಹೆಸರಿಗೆ "ಸದಾ ಇನ್‌ಲೈನ್" ಗುಣ ಹಚ್ಚಿ, ಇಲ್ಲವೇ ಮೇನ್ ಕಡತವೊಂದನ್ನಾದರೂ ಆಪ್ಟಿಮೈಸೇಷನ್ ಹಾಕಿ ಕಟ್ಟಿ.

#21 ಹೊಸಬ_386

"ಸದಾ ಇನ್‌ಲೈನ್" ಹಚ್ಚಿದ ಮೇಲೆ ರೂಟ್ ಫ್ಲಾಪಿ ಕೇಳಿತು, ಎಂಟರ್ ಒತ್ತಿದರೆ ಬಫರ್, ಖಾಲಿ ಮೆಮೊರಿ ಸಾಲುಗಳೂ ಬಂದವು, ಪ್ರಾಂಪ್ಟೂ ಬಂತು. ಆದರೆ ಓರೆಗೆರೆ ಒತ್ತಿದರೆ ಅಡ್ಡಗೆರೆ ಬೀಳುತ್ತಿದೆ.

#22 ಕಡಲತಡಿ ಡೀಮನ್

ಮೇಲೆ #3ರಲ್ಲಿ ನಾನು ಬರೆದದ್ದು ಓದಿ ಮಾರಾಯ್ರೆ. ಕಾನ್ಫಿಗ್ ಹೆಡರಿನಲ್ಲಿ ಫಿನ್ನಿಶ್ ಸಾಲಿಗೆ ಕಾಮೆಂಟ್ ಹಾಕಿ, ಅಮೆರಿಕನ್ ಸಾಲಿನದ್ದು ತೆಗೆದು ಮತ್ತೆ ಕಟ್ಟಿ. ಅಲ್ಲಿಯವರೆಗೆ ಶಿಫ್ಟ್ ಹಿಡಿದು 7 ಒತ್ತಿ, ಓರೆಗೆರೆ ಸಿಗುತ್ತದೆ.